‘ಬಂದಿಲ್ಲ’ ಮತ್ತು ‘ಬರಲಿಲ್ಲ’: ಇಂಗ್ಲಿಷಿನ ಪ್ರೆಸೆಂಟ್ ಪರ್ಫೆಕ್ಟ್ ಕಾಲಕ್ಕೆ ಬಳಗಾನೂರು ಸೀಮೆಯ ಕನ್ನಡದಿಂದ ಒಂದು ದಾರಿ

ಇಂಗ್ಲಿಷ್ ವ್ಯಾಕರಣದಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಎಂದು ಕರೆಯುವ ಕ್ರಿಯಾರೂಪವು ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ತೊಡಕಿನದು ಎಂಬ ಮಾತು ಶಿಕ್ಷಕರ ನಡುವೆ ಹಳೆಯದು. ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣವೇನೆಂದರೆ, ಕನ್ನಡಕ್ಕೆ ಇರುವುದು ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರೇ ಕಾಲಗಳು, ಇಂಗ್ಲಿಷಿಗಾದರೋ ಹನ್ನೆರಡು, ಆದ್ದರಿಂದ ಇಲ್ಲದ ವಸ್ತುವನ್ನು ಕಲಿಸುವ ಕಷ್ಟ ಇದು ಎನ್ನುವುದು. ಈ ಕಾರಣ ನಿಲ್ಲುವಂಥದ್ದಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ಭಾಗದ ಬಳಗಾನೂರಿನಂಥ ಊರಿನಲ್ಲಿ ಶಾಲೆಯ ಮೆಟ್ಟಿಲು ಹತ್ತದ ರೈತನೂ ‘ಕಾಲುವಿಗೆ ನೀರು ಬಿಟ್ಟಾರ, ನಮ್ಮ ಹೊಲಕ್ಕ ಇನ್ನಾ ಬಂದಿಲ್ಲ’ ಎನ್ನುವಾಗ, ಆ ಒಂದೇ ಮಾತಿನಲ್ಲಿ ಇಂಗ್ಲಿಷಿನ ಪ್ರೆಸೆಂಟ್ ಪರ್ಫೆಕ್ಟ್ ರೂಪ ಎರಡು ಸಲ ಬೇಕಾಗುವಂಥ ಅರ್ಥವನ್ನು ತಡವರಿಸದೆ ಹೇಳಿರುತ್ತಾನೆ. ತೊಡಕು ಇರುವುದು ರೂಪದ ಅಭಾವದಲ್ಲಲ್ಲ. ಎರಡೂ ಭಾಷೆಗಳಲ್ಲಿ ಇರುವ ಈ ರೂಪದ ಎಲ್ಲೆಗಳು ಒಂದರ ಮೇಲೊಂದು ಸರಿಯಾಗಿ ಕೂರದಿರುವುದರಲ್ಲಿ. ಆ ಎಲ್ಲೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಪರಿಶೀಲಿಸುವುದು, ಮತ್ತು ಅವು ಹೆಚ್ಚು ಕರಾರುವಾಕ್ಕಾಗಿ ಕೂಡುವ ಸ್ಥಳ ಕನ್ನಡದ ನಿಷೇಧರೂಪ ಎಂಬುದನ್ನು ತೋರಿಸುವುದು ಈ ಉಪನ್ಯಾಸದ ಉದ್ದೇಶ.

ಮೊದಲು ರೂಪದ ರಚನೆಯನ್ನು ನೋಡಬೇಕು. ಇಂಗ್ಲಿಷಿನಲ್ಲಿ ‘ಹ್ಯಾವ್’ ಅಥವಾ ‘ಹ್ಯಾಸ್’ ಎಂಬ ಸಹಾಯಕ ಕ್ರಿಯಾಪದದ ಮುಂದೆ ಮುಖ್ಯ ಕ್ರಿಯೆಯ ಭೂತಕೃದಂತ, ಅಂದರೆ ಮುಗಿದ ಕ್ರಿಯೆಯನ್ನು ಸೂಚಿಸುವ, ಆದರೆ ತಾನೇ ವಾಕ್ಯವನ್ನು ಮುಗಿಸಲಾರದ ರೂಪ, ಬಂದಾಗ ಈ ಕಾಲ ಸಿದ್ಧವಾಗುತ್ತದೆ. ತರಗತಿಗಳಲ್ಲಿ ‘ಗೋ, ವೆಂಟ್, ಗಾನ್’ ಎಂದು ಬಾಯಿಪಾಠ ಮಾಡಿಸುವ ಸಾಲಿನ ಮೂರನೆಯ ರೂಪ, ಶಿಕ್ಷಕರು ‘ವಿ ತ್ರೀ’ ಎನ್ನುವುದು, ಇದೇ. ಕನ್ನಡದಲ್ಲಿ ‘ಬಂದು’ ಎಂಬ ಭೂತಕೃದಂತದ ಮುಂದೆ ‘ಇರು’ ಧಾತುವಿನ ವರ್ತಮಾನರೂಪ ಸೇರಿ ‘ಬಂದಿದ್ದಾನೆ’ ಆಗುತ್ತದೆ. ಎರಡರಲ್ಲೂ ಮುಗಿದದ್ದೊಂದು, ಈಗಿನದೊಂದು, ಹೀಗೆ ಎರಡು ತುಂಡುಗಳಿವೆ. ಎರಡೂ ಭಾಷೆಗಳು ಒಂದು ಕಾಲನ್ನು ಹಿಂದೆ, ಒಂದು ಕಾಲನ್ನು ಇಂದಿನಲ್ಲಿ ಊರಿ ನಿಲ್ಲುತ್ತವೆ. ರಾಯಚೂರು ಕಡೆಯ ಆಡುಮಾತಿನಲ್ಲಿ ಈ ಎರಡು ತುಂಡುಗಳು ಇನ್ನೂ ಬಿಗಿಯಾಗಿ ಬೆಸೆದು, ಇರವನ್ನು ಹೇಳುವ ಪದ ಕೃದಂತದೊಳಗೇ ಕರಗಿ, ‘ಬಂದಾನ’, ‘ಬಂದಾರ’, ‘ಬಂದೈತಿ’, ‘ಬಂದದ’ ಎಂಬ ರೂಪಗಳಾಗಿವೆ. ದಕ್ಷಿಣದ ಕನ್ನಡಿಗರು ಈ ‘ಬಂದಾನ’ವನ್ನು ಬರಹದ ‘ಬಂದಾನು’ ಎಂದು ತಿಳಿದು ಬರುವ ಸಂಭವವಿದೆ ಎಂದು ಅರ್ಥಮಾಡಿಕೊಳ್ಳುವುದುಂಟು. ಆದರೆ ಅವೆರಡಕ್ಕೂ ಅರ್ಥದಲ್ಲಿ ಸಂಬಂಧವಿಲ್ಲ, ‘ಬಂದಾನ’ ಎಂದರೆ ಬಂದವನು ಈಗ ಇಲ್ಲಿದ್ದಾನೆ ಎಂದೇ.

‘ಹ್ಯಾವ್’ ಎಂಬ ಪದ ಇಲ್ಲಿ ಏಕೆ ಬಂದಿತೆಂಬ ಪ್ರಶ್ನೆಯನ್ನು ಚುರುಕಾದ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ, ಏಕೆಂದರೆ ಆ ಪದಕ್ಕೆ ಅವನು ಕಲಿತಿರುವ ಅರ್ಥ ಹೊಂದಿರುವುದು, ತನ್ನ ಬಳಿ ಇಟ್ಟುಕೊಂಡಿರುವುದು. ಉತ್ತರ ಇಂಗ್ಲಿಷಿನ ಇತಿಹಾಸದಲ್ಲಿದೆ. ಹಳೆಯ ಇಂಗ್ಲಿಷಿನಲ್ಲಿ, ಬರೆದು ಮುಗಿಸಿದ ಸ್ಥಿತಿಯಲ್ಲಿರುವ ಪತ್ರ ಒಬ್ಬನ ಬಳಿ ಇದೆ ಎಂಬ ಒಡೆತನದ ಅರ್ಥದಲ್ಲಿ ಹುಟ್ಟಿದ ರಚನೆ, ಕ್ರಮೇಣ ಒಡೆತನವನ್ನು ಕಳೆದುಕೊಂಡು, ಅವನು ಪತ್ರ ಬರೆದಿದ್ದಾನೆ ಎಂಬ ಕ್ರಿಯೆಯ ಅರ್ಥವನ್ನು ಪಡೆಯಿತು. ಹೋಗು, ಬರು ಮೊದಲಾದ ಚಲನೆಯ ಕ್ರಿಯೆಗಳಿಗಂತೂ ಬಹುಕಾಲ ‘ಹ್ಯಾವ್’ ಬದಲು ‘ಬೀ’ ಧಾತುವೇ ಬರುತ್ತಿತ್ತು; 1611ರ ಇಂಗ್ಲಿಷ್ ಬೈಬಲ್ ಅನುವಾದದಲ್ಲಿ ‘ಈಸ್ ಕಮ್’ ಎಂಬ ಬಗೆಯ ರೂಪಗಳು ಹೇರಳವಾಗಿವೆ. ಒಡೆತನಕ್ಕೆ ಪ್ರತ್ಯೇಕ ಕ್ರಿಯಾಪದವೇ ಇಲ್ಲದ, ‘ಅವನ ಹತ್ತಿರ ಇದೆ’ ಎಂದು ಇರವಿನಿಂದಲೇ ಒಡೆತನವನ್ನೂ ಹೇಳುವ ಕನ್ನಡಕ್ಕೆ ಆ ಹಳೆಯ ರೂಪ ಹೆಚ್ಚು ಹತ್ತಿರದ್ದು.

ಈ ಕಾಲದ ಉಪಯೋಗಗಳನ್ನು ಬರ್ನಾರ್ಡ್ ಕಾಮ್ರಿ ಎಂಬ ಭಾಷಾವಿಜ್ಞಾನಿ 1976ರ ತಮ್ಮ ಗ್ರಂಥದಲ್ಲಿ ನಾಲ್ಕಾಗಿ ವಿಂಗಡಿಸಿದ್ದಾರೆ: ಹಿಂದಿನ ಕ್ರಿಯೆಯ ಫಲ ಈಗಲೂ ಇರುವುದು, ಜೀವಮಾನದಲ್ಲಿ ಒಮ್ಮೆಯಾದರೂ ಆದ ಅನುಭವ, ಹಿಂದೆ ತೊಡಗಿ ಈಗಲೂ ಮುಂದುವರಿದಿರುವ ಸ್ಥಿತಿ, ಮತ್ತು ಆಗತಾನೆ ನಡೆದದ್ದು. ಇವುಗಳಲ್ಲಿ ಮೊದಲನೆಯದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. ಬೆಳಿಗ್ಗೆ ಎದ್ದು ಅಂಗಳ ತೊಯ್ದದ್ದನ್ನು ಕಂಡವರು ‘ರಾತ್ರಿ ಮಳಿ ಬಂದೈತಿ’ ಎನ್ನುತ್ತಾರೆಯೇ ಹೊರತು, ಮಳೆಯನ್ನು ಕಣ್ಣಾರೆ ಕಂಡವರಂತೆ ‘ಮಳಿ ಬಂತು’ ಎನ್ನುವುದಿಲ್ಲ. ನೆಲದ ತೇವವೇ ಆ ಕ್ರಿಯೆಯ ಫಲ. ಎರಡನೆಯದು, ಅಂದರೆ ಅನುಭವದ ಅರ್ಥ, ‘ಹಂಪಿ ನೋಡೀರೇನ್ರಿ?’ ಎಂಬ ಪ್ರಶ್ನೆಯಲ್ಲಿದೆ. ಯಾವಾಗ ನೋಡಿದಿರಿ ಎಂಬುದು ಇಲ್ಲಿ ಅಪ್ರಸ್ತುತ. ಇದೇ ವರ್ಗದಲ್ಲಿ ಇಂಗ್ಲಿಷ್ ಒಂದು ಸೂಕ್ಷ್ಮ ಭೇದವನ್ನು ಮಾಡುತ್ತದೆ: ಒಬ್ಬ ರಾಯಚೂರಿಗೆ ಹೋಗಿ ಅಲ್ಲಿಯೇ ಇದ್ದರೆ ‘ಹ್ಯಾಸ್ ಗಾನ್’, ಹೋಗಿ ಮರಳಿ ಬಂದಿದ್ದರೆ ‘ಹ್ಯಾಸ್ ಬೀನ್’. ಕನ್ನಡವೂ ಇದನ್ನು ‘ಹೋಗಿದ್ದಾನೆ’, ‘ಹೋಗಿ ಬಂದಿದ್ದಾನೆ’ ಎಂದು ಬಿಡಿಸಿ ಹೇಳಬಲ್ಲದು. ಪಠ್ಯಪುಸ್ತಕಗಳು ಅರ್ಧ ಪುಟದ ಟಿಪ್ಪಣಿಯಲ್ಲಿ ಹೇಳುವುದನ್ನು ಈ ಜೋಡಿ ಒಂದೇ ಸಾಲಿನಲ್ಲಿ ತಿಳಿಸುತ್ತದೆ.

ಆಗತಾನೆ ನಡೆದದ್ದರ ಅರ್ಥವನ್ನು ಈ ಸೀಮೆಯವರೆಲ್ಲರೂ ಬಲ್ಲ ಘಟನೆಯೊಂದರಿಂದ ವಿವರಿಸಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಎಡದಂಡೆ ಕಾಲುವೆಯನ್ನು ನೆಚ್ಚಿ ಭತ್ತದ ಸಸಿ ಹಾಕಿದ್ದ ಸಿಂಧನೂರು, ಮಸ್ಕಿ ಭಾಗದ ರೈತರಿಗೆ ಮರುದಿನ ಬೆಳಿಗ್ಗೆ ಆ ಸುದ್ದಿಯನ್ನು ಇಂಗ್ಲಿಷಿನಲ್ಲಿ ಹೇಳಬೇಕಾಗಿದ್ದರೆ, ಮೊದಲ ವಾಕ್ಯ ‘ದಿ ಗೇಟ್ ಹ್ಯಾಸ್ ಬೀನ್ ವಾಶ್ಡ್ ಅವೇ’ ಎಂದೇ ಬರಬೇಕಿತ್ತು, ಏಕೆಂದರೆ ಕೇಳುವವರಿಗೆ ಅದು ಹೊಸದು ಮತ್ತು ಅದರ ಪರಿಣಾಮವಾಗಿ ನೀರು ಆ ಹೊತ್ತಿಗೂ ನದಿಗೆ ಹರಿದುಹೋಗುತ್ತಿತ್ತು. ಆದರೆ ಅದನ್ನು ಕೇಳಿದವರು ‘ಯಾವಾಗ?’ ಎಂದೊಡನೆ ಉತ್ತರದ ಕಾಲ ಬದಲಾಗಿ ‘ಇಟ್ ವಾಸ್ ವಾಶ್ಡ್ ಅವೇ ಲಾಸ್ಟ್ ನೈಟ್’ ಎಂಬ ಸಾಮಾನ್ಯ ಭೂತಕಾಲಕ್ಕೆ ಇಳಿಯುತ್ತದೆ. ಸರಪಳಿ ಹೇಗೆ ತುಂಡಾಯಿತು, ಅಧಿಕಾರಿಗಳು ಯಾವಾಗ ಬಂದರು ಎಂಬ ಮುಂದಿನ ವಿವರಗಳೆಲ್ಲ ಅದೇ ಭೂತಕಾಲದಲ್ಲಿ ಸಾಗುತ್ತವೆ. ಇಂಗ್ಲಿಷಿನ ಪತ್ರಿಕಾ ಬರಹದಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಸುದ್ದಿಯ ಬಾಗಿಲನ್ನು ತೆರೆಯುತ್ತದೆ, ಒಳಗೆ ನಡೆಯುವ ಕೆಲಸವೆಲ್ಲ ಭೂತಕಾಲದ್ದು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಇಳಿಸಿ ತೆರಪನ್ನು ಮುಚ್ಚಿದ ಮೇಲೆ, ಅದೂ ಒಂದು ದಿನಾಂಕಕ್ಕೆ ಸೇರಿದ ಘಟನೆಯಾದ ಮೇಲೆ, ಗೇಟು ಕೊಚ್ಚಿಹೋದದ್ದನ್ನು ಹ್ಯಾಸ್ ಸೇರಿಸಿ ಹೇಳುವ ಸಂದರ್ಭವೇ ಇಂಗ್ಲಿಷಿನಲ್ಲಿ ಉಳಿಯುವುದಿಲ್ಲ.

ಇದರ ಹಿಂದಿನ ತತ್ತ್ವವನ್ನು ಹಾನ್ಸ್ ರೈಖೆನ್‌ಬಾಖ್ ಎಂಬ ತತ್ತ್ವಶಾಸ್ತ್ರಜ್ಞ 1947ರಲ್ಲಿ ಮೂರು ಬಿಂದುಗಳಿಂದ ನಿರೂಪಿಸಿದರು: ಮಾತಾಡುವ ಕ್ಷಣ, ಘಟನೆಯ ಕ್ಷಣ, ಮತ್ತು ಆ ಘಟನೆಯನ್ನು ಎಲ್ಲಿ ನಿಂತು ನೋಡಲಾಗುತ್ತಿದೆಯೋ ಆ ನೋಟದ ಕ್ಷಣ. ಸಾಮಾನ್ಯ ಭೂತಕಾಲದಲ್ಲಿ ನೋಟದ ಕ್ಷಣ ಘಟನೆಯ ಜೊತೆಗೇ ಹಿಂದಕ್ಕೆ ಹೋಗಿರುತ್ತದೆ. ಪ್ರೆಸೆಂಟ್ ಪರ್ಫೆಕ್ಟ್ ಕಾಲದಲ್ಲಿ ಘಟನೆ ಹಿಂದೆ ಉಳಿದರೂ ನೋಟದ ಕ್ಷಣ ಮಾತಾಡುವವನ ಕಾಲ ಬುಡದಲ್ಲೇ ಇರುತ್ತದೆ. ಈ ಮೂರನೆಯ ಬಿಂದುವೊಂದನ್ನು ಕಪ್ಪುಹಲಗೆಯ ಮೇಲೆ ಗುರುತಿಸಿ ತೋರಿಸಿದರೆ ಹಲವು ಪುಟಗಳ ನಿಯಮಗಳು ಅನಗತ್ಯವಾಗುತ್ತವೆ. ಆದರೂ ಶಾಲಾ ವ್ಯಾಕರಣಗಳು ಅದನ್ನು ಬಿಟ್ಟು, ಆಗತಾನೆ ಮುಗಿದ ಕ್ರಿಯೆಗೆ ಈ ಕಾಲ ಬರುತ್ತದೆ ಎಂಬ ಒಂದೇ ಸೂತ್ರಕ್ಕೆ ಅಂಟಿಕೊಂಡಿರುವುದು ವಿಚಿತ್ರ. ಹಂಪಿಯನ್ನು ಮೂವತ್ತು ವರ್ಷದ ಹಿಂದೆ ನೋಡಿದವರೂ ‘ಹ್ಯಾವ್ ಸೀನ್’ ಎಂದೇ ಹೇಳುವರಾದ್ದರಿಂದ ಆ ಸೂತ್ರ ಅರ್ಧ ಮಾತ್ರ ಸರಿ.

ಕಾಮ್ರಿಯವರ ವಿಂಗಡಣೆಯ ಉಳಿದೊಂದು ಬಗೆ, ಅಂದರೆ ಹಿಂದೆ ತೊಡಗಿ ಈಗಲೂ ಮುಂದುವರಿದಿರುವ ಸ್ಥಿತಿ, ಈ ಸೀಮೆಯಲ್ಲಿ ಬಂಡೆಯ ಮೇಲೆಯೇ ಇದೆ. ಮಸ್ಕಿಯ ಬೆಟ್ಟದಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ 1915ರಲ್ಲಿ ಗುರುತಿಸಿದ, ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಸಂಪಾದಿಸಿ ಪ್ರಕಟಿಸಿದ ಶಾಸನ, ದೇವಾನಾಂಪಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಮೊದಲ ಬಾರಿಗೆ ದೊರೆತ ಶಾಸನವೆಂದು ಪ್ರಸಿದ್ಧವಾಗಿದೆ. ಚರಿತ್ರೆಯ ವಿದ್ಯಾರ್ಥಿಗಳು ಆ ಹೆಸರಿನಲ್ಲೇ ನಿಂತುಬಿಡುತ್ತಾರೆ. ವ್ಯಾಕರಣದ ವಿದ್ಯಾರ್ಥಿಗೆ ಅದರ ಮುಂದಿನ ಭಾಗ ಹೆಚ್ಚು ಬೆಲೆಯುಳ್ಳದ್ದು. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಕ್ಕೂ ಮಿಕ್ಕಿತೆಂದು, ಅನಂತರ ಸಂಘವನ್ನು ಸೇರಿ ಹೆಚ್ಚಿನ ಶ್ರದ್ಧೆ ತೋರುತ್ತಿರುವೆನೆಂದು ಅರಸ ಅಲ್ಲಿ ಹೇಳಿಕೊಂಡಿದ್ದಾನೆ. ಅಲ್ಲಿಯ ಪ್ರಾಕೃತದಲ್ಲಿ ಅನುಯಾಯಿಯಾಗಿರುವ ಮಾತಿಗೆ ಬಂದಿರುವ ಕ್ರಿಯಾಪದ ‘ಸುಮಿ’, ಅಂದರೆ ‘ಇದ್ದೇನೆ’ ಎಂಬ ಶುದ್ಧ ವರ್ತಮಾನ. ಸಂಘವನ್ನು ಸೇರಿದ ಮಾತಿನಲ್ಲಾದರೋ ಅದೇ ‘ಸುಮಿ’ಯ ಜೊತೆಗೆ ‘ಉಪಗತೇ’ ಎಂಬ ಭೂತಕೃದಂತ ಬಂದು, ‘ಸೇರಿದ್ದೇನೆ’ ಎಂಬ ಕನ್ನಡ ರಚನೆಯ ಹಾಗೆಯೇ ಕೃದಂತವೂ ಇರವಿನ ಪದವೂ ಕೂಡಿ ನಿಂತಿವೆ. ಕನ್ನಡಕ್ಕೆ ಇದನ್ನು ತರುವವರಿಗೆ ಕಷ್ಟವಿಲ್ಲ. ‘ಎರಡೂವರೆ ವರ್ಷದಿಂದ ಇದ್ದೇನೆ’ ಎಂದರೆ ಮುಗಿಯಿತು. ಇಂಗ್ಲಿಷಿಗೆ ತರುವವರು ಮಾತ್ರ ವರ್ತಮಾನವನ್ನು ಹಾಗೆಯೇ ಇಟ್ಟುಕೊಳ್ಳಲಾಗದೆ ‘ಹ್ಯಾವ್ ಬೀನ್’ ಎಂದು ಬದಲಾಯಿಸಿಕೊಳ್ಳಬೇಕಾಗುತ್ತದೆ.

ಈ ಒಂದು ವ್ಯತ್ಯಾಸದಿಂದ ತರಗತಿಯ ಹಲವು ತಪ್ಪುಗಳು ಹುಟ್ಟುತ್ತವೆ. ‘ಹತ್ತು ವರ್ಷದಿಂದ ಬಳಗಾನೂರಿನಲ್ಲಿದ್ದೇನೆ’ ಎಂಬ ವಾಕ್ಯದಲ್ಲಿ ಕನ್ನಡದ ಕ್ರಿಯೆ ವರ್ತಮಾನದ್ದು, ಕಾಲದ ಮೊತ್ತಕ್ಕೂ ಕಾಲದ ಆರಂಭಕ್ಕೂ ಇರುವ ಪ್ರತ್ಯಯ ಒಂದೇ ‘ಇಂದ’. ಇಂಗ್ಲಿಷ್ ಕ್ರಿಯೆಯನ್ನು ಪರ್ಫೆಕ್ಟ್ ಮಾಡುವುದಲ್ಲದೆ, ಮೊತ್ತಕ್ಕೆ ‘ಫಾರ್’, ಆರಂಭಕ್ಕೆ ‘ಸಿನ್ಸ್’ ಎಂದು ಎರಡು ಪದಗಳನ್ನು ಬೇರೆಬೇರೆಯಾಗಿ ಬಳಸುತ್ತದೆ. ‘ಐ ಆಮ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂಬ ವಾಕ್ಯದಲ್ಲಿ ಕಾಣುವ ಎರಡು ತಪ್ಪುಗಳೂ ಹೀಗೆ ಕನ್ನಡದ ಎರಡು ಸರಿಗಳೇ.

ಇನ್ನು ಅಗಲುವಿಕೆಯ ಮುಖ್ಯ ಸ್ಥಳಕ್ಕೆ ಬರಬಹುದು. ಇಂಗ್ಲಿಷಿನ ಪ್ರೆಸೆಂಟ್ ಪರ್ಫೆಕ್ಟ್ ‘ಯೆಸ್ಟರ್‌ಡೇ’ ಎಂಬಂಥ ಮುಗಿದ ಕಾಲವನ್ನು ಹೇಳುವ ಪದದೊಡನೆ ಸೇರುವುದಿಲ್ಲ. ಇದು ಏಕೆ ಎಂಬುದು ಭಾಷಾವಿಜ್ಞಾನಿಗಳಿಗೂ ಸುಲಭವಾಗಿ ಬಿಡಿಸಲಾಗದ ಒಗಟಾಗಿದ್ದು, 1992ರಲ್ಲಿ ವೋಲ್ಫ್‌ಗಾಂಗ್ ಕ್ಲೈನ್ ಅವರು ಬರೆದ ಪ್ರಸಿದ್ಧ ಲೇಖನದ ಶೀರ್ಷಿಕೆಯಲ್ಲೇ ಅದನ್ನು ಒಗಟೆಂದು ಕರೆದಿದ್ದಾರೆ. ಕನ್ನಡಕ್ಕೆ ಈ ನಿರ್ಬಂಧವಿಲ್ಲ. ಸಚಿವರು ಸೋಮವಾರ ತಿಳಿಸಿದ್ದಾರೆ, ಪೊಲೀಸರು ನಿನ್ನೆ ಬಂಧಿಸಿದ್ದಾರೆ ಎಂಬ ವಾಕ್ಯಗಳಿಲ್ಲದೆ ಕನ್ನಡ ದಿನಪತ್ರಿಕೆಯ ಒಂದು ಪುಟವೂ ತುಂಬುವುದಿಲ್ಲ. ಇಂಗ್ಲಿಷ್ ಪತ್ರಿಕೆಯಲ್ಲಿ ಅದೇ ಜಾಗದಲ್ಲಿ ಸಾಮಾನ್ಯ ಭೂತಕಾಲ ಬರುತ್ತದೆ. ಇಷ್ಟನ್ನು ಗಮನಿಸಿ, ಕನ್ನಡದ ರೂಪ ಸಡಿಲವಾದದ್ದು ಎಂದು ತೀರ್ಮಾನಿಸುವವರಿದ್ದಾರೆ. ಆ ತೀರ್ಮಾನ ಅವಸರದ್ದು. ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು ‘ಈ ಹುಡುಗ ನಿನ್ನೆ ಬಂದಿಲ್ಲ’ ಎನ್ನುವ ಶಿಕ್ಷಕರ ಮಾತನ್ನೂ, ನಿನ್ನೆಯ ಕಥೆಯನ್ನು ನೆನೆದು ‘ಎಷ್ಟು ಕಾದರೂ ಅವ ಬರಲಿಲ್ಲ’ ಎನ್ನುವ ಗೆಳೆಯನ ಮಾತನ್ನೂ ಹೋಲಿಸಿದರೆ, ಮೊದಲನೆಯದರಲ್ಲಿ ‘ನಿನ್ನೆ’ ಇದ್ದರೂ ನುಡಿಯುವವರ ಕಣ್ಣು ಇಂದಿನ ದಾಖಲೆಯ ಮೇಲೆಯೇ ಇರುವುದು ತಿಳಿಯುತ್ತದೆ. ಪತ್ರಿಕೆಯ ‘ತಿಳಿಸಿದ್ದಾರೆ’ಯೂ ಹೇಳಿಕೆಯೊಂದು ದಾಖಲೆಯಾಗಿ ಕೈಯಲ್ಲಿದೆ ಎಂಬ ಭರವಸೆಯ ರೂಪ. ಎರಡು ಸಾವಿರ ವರ್ಷಕ್ಕೂ ಹಿಂದೆ ತೀರಿಕೊಂಡ ಅರಸನ ಬಗ್ಗೆ ‘ಅಶೋಕ ಮಸ್ಕಿಯಲ್ಲಿ ಶಾಸನ ಬರೆಸಿದ್ದಾನೆ’ ಎನ್ನಲು ಕನ್ನಡಿಗರಿಗೆ ಅಳುಕಿಲ್ಲ, ಏಕೆಂದರೆ ಬಂಡೆ ಅಲ್ಲೇ ಇದೆ. ತೀರಿಹೋದವರ ಕ್ರಿಯೆಗೆ ಈ ಕಾಲವನ್ನು ಬಳಸಲು ಇಂಗ್ಲಿಷ್ ಹಿಂಜರಿಯುತ್ತದೆ. ಒಟ್ಟಿನಲ್ಲಿ ಕನ್ನಡದ ‘ಇದ್ದಾನೆ’ ಸಾಕ್ಷ್ಯಕ್ಕೆ ಕಟ್ಟುಬಿದ್ದದ್ದು, ಇಂಗ್ಲಿಷಿನ ‘ಹ್ಯಾಸ್’ ಇನ್ನೂ ಮುಚ್ಚದ ಕಾಲಾವಧಿಗೆ ಕಟ್ಟುಬಿದ್ದದ್ದು. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎಂದು ಬರೆಯುವ ವಿದ್ಯಾರ್ಥಿ ನಿಯಮ ಅರಿಯದವನಲ್ಲ, ಬೇರೊಂದು ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿರುವವನು.

ಇದಕ್ಕೆ ತದ್ವಿರುದ್ಧವಾಗಿ, ಇಂಗ್ಲಿಷ್ ಪರ್ಫೆಕ್ಟ್ ಬಳಸುವಲ್ಲಿ ಕನ್ನಡ ಸಾಮಾನ್ಯ ಭೂತವನ್ನು ಬಳಸುವ ಸಂದರ್ಭಗಳೂ ಉಂಟು. ದಾರಿಯಲ್ಲಿ ಎದುರಾದವರನ್ನು ‘ಊಟಾ ಆತೇನ್ರಿ?’ ಎಂದು ಕೇಳುವಾಗ ಬಳಕೆಯಾಗುವುದು ಭೂತಕಾಲ. ಬ್ರಿಟಿಷ್ ಇಂಗ್ಲಿಷಿನಲ್ಲಿ ಅದು ‘ಹ್ಯಾವ್ ಯು ಈಟನ್?’ ಆಗುತ್ತದೆ, ಅಮೆರಿಕದವರು ಕನ್ನಡಿಗರಂತೆ ಭೂತಕಾಲವನ್ನೇ ಬಳಸಿ ‘ಡಿಡ್ ಯು ಈಟ್?’ ಎಂದು ಕೇಳುವುದೂ ಸಾಮಾನ್ಯ. ನಿಲ್ದಾಣದಲ್ಲಿ ನಿಂತವರು ಬಸ್ಸು ದೂರದಲ್ಲಿ ಕಂಡೊಡನೆ, ಅದು ಇನ್ನೂ ಬಂದು ನಿಲ್ಲುವ ಮೊದಲೇ, ‘ಬಸ್ ಬಂತು’ ಎನ್ನುವುದಂತೂ ಇಂಗ್ಲಿಷಿನ ಯಾವ ಭೂತಕಾಲಕ್ಕೂ ಒಗ್ಗದ ಬಳಕೆ. ಕಣ್ಣೆದುರು ನಡೆದದ್ದಕ್ಕೆ ಸಾಕ್ಷ್ಯದ ಆಸರೆ ಬೇಡವಾದ್ದರಿಂದ ಅಲ್ಲಿ ‘ಬಂದೈತಿ’ ಬಾರದೆ ‘ಬಂತು’ ಬರುತ್ತದೆ ಎಂದು ತಿಳಿದರೆ ಮೇಲಿನ ವಿವರಣೆ ಇಲ್ಲಿಯೂ ನಿಲ್ಲುತ್ತದೆ.

ವಿಧಿರೂಪಗಳಲ್ಲಿ, ಅಂದರೆ ನಿಷೇಧವಿಲ್ಲದ ರೂಪಗಳಲ್ಲಿ, ಹೀಗೆ ಎಲ್ಲೆಗಳು ಹಿಂದೆ ಮುಂದೆ ಸರಿದಾಡುತ್ತಿದ್ದರೂ ನಿಷೇಧರೂಪಗಳಲ್ಲಿ ಅವು ಬಹುಮಟ್ಟಿಗೆ ಕೂಡುತ್ತವೆ. ಹಳಗನ್ನಡದ ನಿಷೇಧಕ್ಕೆ ಕಾಲಭೇದವೇ ಇರಲಿಲ್ಲ. ‘ಬಾರಂ’ ಎಂದರೆ ಬರಲಿಲ್ಲ, ಬರುವುದಿಲ್ಲ ಎರಡೂ ಆಗಬಹುದಿತ್ತು. ಹೊಸಗನ್ನಡ ‘ಇಲ್ಲ’ ಎಂಬ ಪದವನ್ನು ಬೇರೆಬೇರೆ ರೂಪಗಳಿಗೆ ಸೇರಿಸಿ ಮುಖ್ಯವಾಗಿ ಮೂರು ನಿಷೇಧಗಳನ್ನು ಕಟ್ಟಿಕೊಂಡಿದೆ: ‘ಬರುವುದಿಲ್ಲ’, ‘ಬರಲಿಲ್ಲ’, ‘ಬಂದಿಲ್ಲ’. ಮೊದಲನೆಯದು ಈ ಸೀಮೆಯಲ್ಲಿ ‘ಬರಂಗಿಲ್ಲ’ ಆಗುತ್ತದೆ, ಉಳಿದೆರಡು ಹೆಚ್ಚು ಬದಲಾಗದೆ ಉಳಿದಿವೆ. ಕಾಲುವೆಯ ಕೊನೆಯಂಚಿನ ಹೊಲದವನು ‘ನೀರು ಬಂದಿಲ್ಲ’ ಎಂದರೆ ಇನ್ನೂ ಬರಬಹುದೆಂಬ ನಿರೀಕ್ಷೆ ಉಳಿದಿದೆ, ಸಸಿಮಡಿ ಇನ್ನೂ ಕಾಯುತ್ತಿದೆ. ‘ನೀರು ಬರಲಿಲ್ಲ’ ಎಂದರೆ ಆ ಹಂಗಾಮಿನ ಕಥೆ ಮುಗಿಯಿತು. ಇಂಗ್ಲಿಷಿನ ‘ಹ್ಯಾಸ್ ನಾಟ್ ಕಮ್’ ಮತ್ತು ‘ಡಿಡ್ ನಾಟ್ ಕಮ್’ ನಡುವಿನ ಅಂತರವೂ ಇದೇ. ಶಾಲೆಯ ವ್ಯಾಕರಣಗಳಲ್ಲಿ ನಿಷೇಧ ಕೊನೆಗೆ ಬರುವ ಅಭ್ಯಾಸ. ಕನ್ನಡ ಮಕ್ಕಳಿಗೆ ಅದೇ ಮೊದಲ ಪಾಠವಾಗಬೇಕೆಂಬುದಕ್ಕೆ ಇಷ್ಟು ಆಧಾರ ಸಾಕು.

ಈ ಅನುಕೂಲ ಕನ್ನಡದ್ದು ಮಾತ್ರ ಎಂಬುದು ಸಿಂಧನೂರು ಸೀಮೆಯ ಬಹುಭಾಷೆಯ ತರಗತಿಗಳಲ್ಲಿ ಸ್ಪಷ್ಟವಾಗುತ್ತದೆ. ತುಂಗಭದ್ರೆಯ ನೀರಾವರಿ ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದವರ ತೆಲುಗಿನಲ್ಲಿ ‘ವಚ್ಚಾಡು’ ಎಂಬುದು ಬಂದ, ಬಂದಿದ್ದಾನೆ ಎಂಬ ಎರಡಕ್ಕೂ ಸಲ್ಲುತ್ತದೆ, ‘ರಾಲೇದು’ ಎಂಬುದು ಬರಲಿಲ್ಲ, ಬಂದಿಲ್ಲ ಎರಡಕ್ಕೂ ಸಲ್ಲುತ್ತದೆ. ಪೂರ್ವ ಪಾಕಿಸ್ತಾನದಿಂದ ಬಂದು ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಯಾದ ಬಂಗಾಳಿಗಳ ಮಾತಿನಲ್ಲಿ ವಿಧಿರೂಪಕ್ಕೆ ಎರಡು ರೂಪಗಳಿದ್ದರೂ ನಿಷೇಧದಲ್ಲಿ ‘ಆಶೇನಿ’ ಎಂಬ ಒಂದೇ ರೂಪ ಎರಡರ ಕೆಲಸವನ್ನೂ ಮಾಡುತ್ತದೆ. ನಿಜಾಮರ ಆಡಳಿತದ ಕಾಲದಿಂದ ಈ ಭಾಗದಲ್ಲಿ ಬೇರೂರಿದ ಉರ್ದುವಿನಲ್ಲಿ ‘ಆಯಾ’, ‘ಆಯಾ ಹೈ’ ಎಂಬ ಭೇದವಿದ್ದರೂ ‘ನಹೀ’ ಬಂದಾಗ ‘ಹೈ’ ಜಾರಿಹೋಗುವುದು ಹೆಚ್ಚು. ಆದ್ದರಿಂದ ನಾಲ್ಕು ಮನೆಮಾತುಗಳ ಮಕ್ಕಳು ಒಟ್ಟಿಗೆ ಕೂತ ತರಗತಿಯಲ್ಲಿ, ‘ಹ್ಯಾಸ್ ನಾಟ್ ಕಮ್’ ಎಂಬುದನ್ನು ವಿವರಿಸಲು ಎಲ್ಲರಿಗೂ ಗೊತ್ತಿರುವ ‘ಬಂದಿಲ್ಲ’ಕ್ಕಿಂತ ಹತ್ತಿರದ ಸಾಧನ ಬೇರೆ ಸಿಗುವುದು ಕಷ್ಟ. ಇಂಗ್ಲಿಷ್ ತರಗತಿಯಲ್ಲಿ ಕನ್ನಡದ ಮಾತೇ ಕೂಡದೆಂಬ ಕಟ್ಟುಪಾಡನ್ನು ಇಟ್ಟುಕೊಂಡವರು ಕೈಯಲ್ಲಿರುವ ದೀಪವನ್ನು ಆರಿಸಿ ದಾರಿ ಹುಡುಕುವವರಾಗುತ್ತಾರೆ.

ಕನ್ನಡ ವ್ಯಾಕರಣಗಳೇ ಈ ಭೇದಕ್ಕೆ ತಕ್ಕಷ್ಟು ಸ್ಥಳ ಕೊಡದಿರುವುದೂ ತೊಡಕಿಗೆ ಕಾರಣ. ಸಂಸ್ಕೃತ ವ್ಯಾಕರಣದ ಚೌಕಟ್ಟಿನಲ್ಲಿ ಕನ್ನಡವನ್ನು ಕೂರಿಸುವ ಪದ್ಧತಿಯನ್ನು ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಕೃತಿಯಲ್ಲಿ ಪ್ರಶ್ನಿಸಿದ್ದಾರೆ. ಮೂರು ಕಾಲಗಳ ಪಟ್ಟಿಯಲ್ಲಿ ‘ಬಂದಿದ್ದಾನೆ’ಗೆ ಹೆಸರೂ ಸಿಗದೆ ಹೋದರೆ, ಆಡುತ್ತಿರುವ ರೂಪವೇ ತನ್ನಲ್ಲಿಲ್ಲ ಎಂದು ನಂಬಿ ವಿದ್ಯಾರ್ಥಿ ಇಂಗ್ಲಿಷ್ ತರಗತಿಗೆ ಬರುವುದರಲ್ಲಿ ಆಶ್ಚರ್ಯವಿಲ್ಲ.

ನಿಷೇಧವನ್ನು ಮೊದಲಿಗೆ ಇಡುವುದರಿಂದ ಇನ್ನೊಂದು ಲಾಭವೂ ಇದೆ. ಮುಂದುವರಿದ ಸ್ಥಿತಿಯನ್ನು ಹೇಳುವಾಗ ಕನ್ನಡ ವರ್ತಮಾನವನ್ನು, ಇಂಗ್ಲಿಷ್ ಪರ್ಫೆಕ್ಟನ್ನು ಬಳಸುವುದರಿಂದ ಹುಟ್ಟುವ ತೊಡಕನ್ನು ಮೇಲೆ ವಿವರಿಸಲಾಯಿತು. ಅದೇ ಸ್ಥಿತಿ ನಿಷೇಧಕ್ಕೆ ತಿರುಗಿದೊಡನೆ ಕನ್ನಡವೂ ತಾನಾಗಿ ಕೃದಂತಕ್ಕೆ ಬರುತ್ತದೆ: ‘ಮೂರು ದಿನದಿಂದ ನಳಕ್ಕೆ ನೀರು ಬಂದಿಲ್ಲ’. ‘ಬರುತ್ತಿಲ್ಲ’ ಎಂಬುದೂ ಇಲ್ಲಿ ಸಾಧ್ಯವಿದ್ದರೂ ದೂರು ಹೇಳುವವರ ಬಾಯಲ್ಲಿ ಮೊದಲು ಬರುವುದು ‘ಬಂದಿಲ್ಲ’ವೇ. ‘ವಾಟರ್ ಹ್ಯಾಸ್ ನಾಟ್ ಕಮ್ ಫಾರ್ ತ್ರೀ ಡೇಸ್’ ಎಂಬ ಇಂಗ್ಲಿಷ್ ವಾಕ್ಯ, ಪದಗಳ ಕ್ರಮ ಬೇರೆಯಾದರೂ, ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಕಾಲದ ಮೊತ್ತ, ಕೃದಂತ, ಇಂದಿನವರೆಗೆ ಚಾಚಿದ ಅವಧಿ ಮೂರೂ ಎರಡು ಭಾಷೆಗಳಲ್ಲಿ ಇರುವ ಈ ವಾಕ್ಯದಿಂದ ತೊಡಗಿ, ಅನಂತರ ‘ನಾಟ್’ ಎಂಬುದನ್ನು ತೆಗೆದು ‘ಹತ್ತು ವರ್ಷದಿಂದ ಇದ್ದೇನೆ’ ಎಂಬಂಥ ವಿಧಿವಾಕ್ಯಗಳಿಗೆ ಸಾಗಿದರೆ, ‘ಹ್ಯಾವ್ ಬೀನ್’ ಎಂಬ ಜೋಡಿ ಎಲ್ಲಿಂದ ಬಂತೆಂದು ವಿದ್ಯಾರ್ಥಿ ಕೇಳುವ ಹೊತ್ತಿಗೆ ಅದರ ಅರ್ಧ ಭಾಗ ಅವನ ಬರಹದಲ್ಲಿ ಆಗಲೇ ಬಂದಿರುತ್ತದೆ.